ಟೀಚರ್ ಆಡಿದ ಒಂದು ಮಾತು, ಮಗನ ಬಾಯಲ್ಲಿ ಈಗ ಬರೀ "ನಂಗೆ ಬರಲ್ಲ": ನಿಮ್ಮ ಅನುಭವ ಹೇಳಿ

ಕೇಳಿದವರು: ನಾಲ್ಕನೇ ಕ್ಲಾಸ್ ಹುಡುಗನ ಅಮ್ಮ, ತುಮಕೂರು

ನನ್ನ ಮಗ ಮೂರನೇ ಕ್ಲಾಸ್‌ವರೆಗೆ ನಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದ. ಈ ವರ್ಷ ತುಮಕೂರಿಗೆ ಬಂದೆವು, ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆವು. ಊರಲ್ಲಿದ್ದಾಗ ಅವನ ಬಾಯಿ ಮುಚ್ಚಿಸುವುದೇ ಕಷ್ಟ ಇತ್ತು. ಈಗ ಕ್ಲಾಸಲ್ಲಿ ಕೈ ಎತ್ತುವುದೇ ಇಲ್ಲವಂತೆ. ಜುಲೈನಲ್ಲಿ ರೀಡಿಂಗ್ ಮಾಡಿಸುವಾಗ ಮಿಸ್ ಎಲ್ಲರ ಮುಂದೆ "ಇವನಿಗೆ ಏನೂ ಬರಲ್ಲ, ಕೂತ್ಕೋ" ಅಂದರಂತೆ. ಆಮೇಲಿಂದ ಮನೆಯಲ್ಲೂ ಎಲ್ಲದಕ್ಕೂ "ನಂಗೆ ಬರಲ್ಲ". ಚೆನ್ನಾಗಿ ಮಾಡುತ್ತಿದ್ದ ಲೆಕ್ಕಕ್ಕೂ ಅದೇ ಮಾತು.

ಆ ಮಿಸ್ ಹೊಡೆಯುವವರಲ್ಲ, ಕೆಟ್ಟವರೂ ಅಲ್ಲ. ಸ್ವಲ್ಪ ಗಡಿಬಿಡಿ ಅಷ್ಟೇ. ಹೋಗಿ ಮಾತಾಡಲಾ? ಮಾತಾಡಿದರೆ ಮಗುವಿನ ಮೇಲೆ ಸಿಟ್ಟು ಇಟ್ಟುಕೊಂಡರೆ? ಇಲ್ಲ ಶಾಲೆಯನ್ನೇ ಬದಲಿಸಲಾ? ಮನೆಯಲ್ಲಿ ನಾವು ಎಷ್ಟು ಹೊಗಳಿದರೂ "ನೀನು ಅಮ್ಮ, ಹಾಗೇ ಹೇಳ್ತೀಯ" ಅನ್ನುತ್ತಾನೆ.

ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕಿ, ಹಾಸನ ಜಿಲ್ಲೆ

ನಿಮ್ಮ ಮಗ ಹೇಳಿದ್ದು ಸರಿಯಾಗೇ ಇದೆ. ಅಮ್ಮನ ಹೊಗಳಿಕೆಯನ್ನು ಮಕ್ಕಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೀಚರ್ ಮಾತನ್ನು ಹಿಡಿಯುತ್ತಾರೆ. ಅವರು ಎಲ್ಲ ಮಕ್ಕಳನ್ನೂ ನೋಡಿ ಹೇಳುವವರು, ಅಲ್ವಾ? ಇನ್ನೊಂದು ವಿಷಯ, ಆ ಮಾತನ್ನು ಇಡೀ ಕ್ಲಾಸ್ ಕೇಳಿಸಿಕೊಂಡಿರುತ್ತದೆ. ಟೀಚರ್ ಒಬ್ಬನನ್ನು ಹೇಗೆ ನೋಡುತ್ತಾರೋ ಪಕ್ಕದ ಬೆಂಚಿನವರೂ ಹಾಗೇ ನೋಡಲು ಶುರು ಮಾಡುತ್ತಾರೆ. ಆಟಕ್ಕೆ ಟೀಮ್ ಆರಿಸುವಾಗಲೂ ಅದು ಕಾಣುತ್ತದೆ.

ನೀವು ಗಮನಿಸಿದ್ದೀರೋ ಇಲ್ಲವೋ, ಅವನು ಬಂದಿರುವುದು ನಲಿ ಕಲಿಯಿಂದ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಅಲ್ಲಿ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಪ್ರತಿ ಮಗು ತನ್ನ ವೇಗಕ್ಕೆ ತಕ್ಕಂತೆ ಕಲಿಕೆಯ ಏಣಿ ಹತ್ತುತ್ತದೆ. ಒಬ್ಬ ಮುಂದಿರುತ್ತಾನೆ, ಒಬ್ಬ ಹಿಂದಿರುತ್ತಾನೆ, ಅದು ಯಾರಿಗೂ ದೊಡ್ಡ ವಿಷಯ ಅಲ್ಲ. ಗೊತ್ತಾಗದಿದ್ದರೆ ಪಕ್ಕದವನನ್ನೇ ಕೇಳಬಹುದು. ಅಲ್ಲಿಂದ ಬಂದ ಹುಡುಗ ಒಮ್ಮೆಲೇ ಸಾಲು ಬೆಂಚಿನಲ್ಲಿ ಎದ್ದು ನಿಂತು, ಗೊತ್ತಿಲ್ಲದ ಭಾಷೆಯ ಪಾಠವನ್ನು ಎಲ್ಲರಿಗೂ ಕೇಳುವ ಹಾಗೆ ಓದಬೇಕು. ಬರೀ ಇಂಗ್ಲಿಷ್ ಅಂದುಕೊಳ್ಳಬೇಡಿ. ತಪ್ಪು ಮಾಡಿದರೆ ಏನಾಗುತ್ತದೆ ಅನ್ನುವ ಲೆಕ್ಕಾಚಾರವೇ ಅವನಿಗೆ ಬದಲಾಗಿಬಿಟ್ಟಿದೆ. ಇದು ಆ ಮಿಸ್‌ಗೆ ಗೊತ್ತಿರಲಿಕ್ಕಿಲ್ಲ. ನೀವೇ ಹೇಳಬೇಕು.

ಈಗ ಪ್ರೋತ್ಸಾಹದ ವಿಷಯ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಬಂದವರು, ಮನೆ ಮಾತು ಬೇರೆ. ಬಾಯಿ ಬಿಡುತ್ತಿರಲಿಲ್ಲ. "ಹೆದರಬೇಡ, ನೀನು ಜಾಣೆ" ಅಂದರೆ ಇನ್ನೂ ಮುದುಡಿಕೊಳ್ಳುತ್ತಿದ್ದಳು. ಲೆಕ್ಕದಲ್ಲಿ ಮಾತ್ರ ಚುರುಕು ಅಂತ ನನಗೆ ಕಂಡಿತ್ತು. ಅದಕ್ಕೇ ಬಿಸಿಯೂಟಕ್ಕೆ ತಲೆ ಎಣಿಸುವ ಕೆಲಸ ಕೊಟ್ಟೆ. ದಿನಾ ಬೆಳಿಗ್ಗೆ ಒಂದೊಂದು ಕ್ಲಾಸಿಗೂ ಹೋಗಿ "ಎಷ್ಟು ಜನ ಬಂದಿದ್ದಾರೆ ಮಿಸ್" ಅಂತ ಕೇಳಬೇಕು, ಕೂಡಿಸಬೇಕು, ಅಡುಗೆ ಅಕ್ಕನಿಗೆ ಹೇಳಬೇಕು. ಲೆಕ್ಕ ತಪ್ಪಿದರೆ ಅನ್ನ ಕಡಿಮೆ ಬೀಳುತ್ತದೆ. ಸುಮ್ನೆ ಮಗುವನ್ನು ಖುಷಿಪಡಿಸಲು ಕೊಟ್ಟ ಕೆಲಸ ಅಲ್ಲ ಅದು, ಅದು ಅವಳಿಗೂ ಗೊತ್ತಿತ್ತು. ಮೊದಲು ಚೀಟಿ ತೋರಿಸುತ್ತಿದ್ದಳು, ಆಮೇಲೆ ಸಣ್ಣ ದನಿ, ಆಮೇಲೆ ಅಡುಗೆ ಅಕ್ಕನ ಜೊತೆ ಜಗಳ ಆಡುವಷ್ಟು ದನಿ. ಮುಂದಿನ ವರ್ಷ ಶಾಲಾ ಸಂಸತ್ತಿನಲ್ಲಿ ಮಕ್ಕಳೇ ಅವಳನ್ನು ಆಹಾರ ಮಂತ್ರಿ ಮಾಡಿದರು. ಅವಳನ್ನು ಮಾಡಿ ಅಂತ ನಾನು ಯಾರಿಗೂ ಹೇಳಿರಲಿಲ್ಲ.

ನನ್ನ ಪ್ರಕಾರ ಪ್ರೋತ್ಸಾಹ ಅಂದರೆ ಇಷ್ಟೇ. ಮಗುವಿನಲ್ಲಿ ನಿಜವಾಗಿ ಇರುವ ಒಂದನ್ನು ಕಂಡುಹಿಡಿಯಬೇಕು, ಅದನ್ನು ನಂಬಿ ಒಂದು ಕೆಲಸ ಕೊಡಬೇಕು. ವೆರಿ ಗುಡ್, ಸೂಪರ್, ಸ್ಟಾರ್ ಸ್ಟಿಕ್ಕರ್ ಇವೆಲ್ಲ ಒಂದೆರಡು ದಿನದ ಖುಷಿ.

ಇನ್ನೊಂದು ಚಿಕ್ಕ ವಿಷಯ ಇದೆ, ಟೀಚರ್‌ಗಳು ಓದುತ್ತಿದ್ದರೆ ಅವರಿಗೂ. ಮೇರಿ ಬಡ್ ರೋ ಅಂತ ಅಮೆರಿಕದ ಒಬ್ಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡ್ ಮಾಡಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಅಥವಾ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗು ಪ್ರಶ್ನೆಯನ್ನು ಮೊದಲು ಕನ್ನಡಕ್ಕೆ ತಂದುಕೊಳ್ಳಬೇಕು. ಅಷ್ಟರಲ್ಲಿ "ನೆಕ್ಸ್ಟ್" ಅಂದರೆ ಅವನಿಗೆ ಉಳಿಯುವುದು "ನಂಗೆ ಬರಲ್ಲ" ಮಾತ್ರ.

ಹೋಗಿ ಮಾತಾಡಿ. ಆದರೆ ಶಾಲೆ ಬಿಡುವ ಹೊತ್ತಿಗೆ ಗೇಟ್ ಹತ್ತಿರ ಬೇಡ. ಆಗ ನಮಗೆ ತಲೆ ಕೆಟ್ಟಿರುತ್ತದೆ. ಡೈರಿಯಲ್ಲಿ ಬರೆದು ಸಮಯ ಕೇಳಿ. "ನೀವು ಹೀಗಂದಿರಂತೆ" ಅಂತ ಶುರು ಮಾಡಬೇಡಿ. ಅವನು ಎಲ್ಲಿಂದ ಬಂದವನು, ಅವನಿಗೆ ಏನು ಚೆನ್ನಾಗಿ ಬರುತ್ತದೆ ಅದನ್ನು ಹೇಳಿ. ಆಮೇಲೆ ಒಂದೇ ಒಂದು ಬೇಡಿಕೆ ಇಡಿ: "ನಾಳೆ ಅವನ ಹತ್ತಿರ ಯಾವ ಪ್ಯಾರಾ ಓದಿಸ್ತೀರಿ ಅಂತ ಇವತ್ತೇ ಹೇಳಿ ಮಿಸ್, ಮನೆಯಲ್ಲಿ ಓದಿಸಿ ಕಳಿಸ್ತೀನಿ." ನಲವತ್ತು ಮಕ್ಕಳನ್ನು ಇಟ್ಟುಕೊಂಡವರಿಗೆ "ನನ್ನ ಮಗನಿಗೆ ಪ್ರೋತ್ಸಾಹ ಕೊಡಿ" ಅಂದರೆ ಏನು ಮಾಡಬೇಕೋ ತಿಳಿಯುವುದಿಲ್ಲ. ಇದನ್ನಾದರೆ ಮಾಡಬಹುದು.

ಇಬ್ಬರು ಮಕ್ಕಳ ಅಪ್ಪ, ದಾವಣಗೆರೆ

ಮೇಡಂ ಹೇಳಿದ್ದು ಒಪ್ಪುತ್ತೇನೆ, ಆದರೆ ಎಲ್ಲ ಟೀಚರ್‌ಗಳೂ ಕೇಳಿಸಿಕೊಳ್ಳುವವರಲ್ಲ. ನನ್ನ ಮಗಳ ಹಳೇ ಶಾಲೆಯಲ್ಲಿ ಮಾರ್ಕ್ಸ್ ನೋಡಿ ಕೂರಿಸುತ್ತಿದ್ದರು. ಕಡಿಮೆ ಬಂದವರು ಕಿಟಕಿ ಕಡೆ ಸಾಲು. ಮಕ್ಕಳು ಅದಕ್ಕೆ ಒಂದು ಹೆಸರೂ ಇಟ್ಟಿದ್ದರು, ಇಲ್ಲಿ ಬರೆಯುವುದು ಬೇಡ. ಕ್ಲಾಸ್ ಟೀಚರ್ ಹತ್ತಿರ ನಯವಾಗಿ ಕೇಳಿದೆ, ಹೆಡ್ ಹತ್ತಿರ ಕೇಳಿದೆ. "ಕಾಂಪಿಟೇಷನ್ ಬೇಕು ಸರ್" ಅಂದರು. ವರ್ಷ ಮುಗಿದ ಮೇಲೆ ಬಿಡಿಸಿದೆ. ಅದರ ಬಗ್ಗೆ ನನಗೆ ಯಾವ ಬೇಜಾರೂ ಇಲ್ಲ.

ಹೊಸ ಶಾಲೆಯಲ್ಲಿ ಅವಳನ್ನು ಎತ್ತಿದ್ದು ಕ್ಲಾಸ್ ಟೀಚರ್ ಅಲ್ಲ, ಪಿ.ಟಿ. ಸರ್. ಥ್ರೋಬಾಲ್‌ನಲ್ಲಿ ಒಂದು ಸಲ ಅವಳ ಸರ್ವಿಸ್ ನೆಟ್‌ಗೆ ಬಿತ್ತು. ಟೀಮಿನವರು ಗೊಣಗಿದರು. ಸರ್ ಚೆಂಡನ್ನು ಮತ್ತೆ ಅವಳ ಕೈಗೇ ಕೊಟ್ಟು "ಕೈ ಸ್ವಲ್ಪ ಮೇಲೆ ತಗೊಂಡು ಹೊಡಿ" ಅಂದರಂತೆ. ಇದನ್ನು ಅವಳು ಮನೆಗೆ ಬಂದು ಹೇಳಿದ ರೀತಿ ನೋಡಬೇಕಿತ್ತು, ಕಪ್ ಗೆದ್ದವರ ಹಾಗೆ. ಆ ವರ್ಷ ಗಣಿತದಲ್ಲೂ ಧೈರ್ಯ ಬಂತು. ಥ್ರೋಬಾಲ್‌ಗೂ ಗಣಿತಕ್ಕೂ ಏನು ಸಂಬಂಧ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಹಾಗಾಗಿ ಆ ಮಿಸ್ ಒಬ್ಬರನ್ನೇ ನಂಬಿಕೊಳ್ಳಬೇಡಿ. ಡ್ರಾಯಿಂಗ್, ಆಟ, ಸಂಗೀತ, ಕನ್ನಡ ಮೇಷ್ಟ್ರು ಯಾರಾದರೂ ಒಬ್ಬರು ಸಿಕ್ಕರೂ ಸಾಕು. ಪ್ರತಿಭಾ ಕಾರಂಜಿಯಲ್ಲಿ ಕನ್ನಡ ಕಂಠಪಾಠಕ್ಕೆ ಹೆಸರು ಕೊಡಬಹುದಾ ಅಂತ ವಿಚಾರಿಸಿ.

ಇನ್ನೊಂದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯುವುದು ಮಾತ್ರ ಅಲ್ಲ, ಮಾನಸಿಕ ಹಿಂಸೆಯೂ ಮಾಡುವ ಹಾಗಿಲ್ಲ. ಮೊದಲ ದಿನವೇ ಹೋಗಿ ಕಾನೂನು ಮಾತಾಡಬೇಡಿ. ಆದರೆ ಇದೇ ದಿನಾ ನಡೆದರೆ ಗೊತ್ತಿರಲಿ.

ನರ್ಸಿಂಗ್ ವಿದ್ಯಾರ್ಥಿನಿ, ಕಲಬುರಗಿ

ಅಕ್ಕ, ನಂದು ಉಲ್ಟಾ ಕಥೆ. ನಮ್ಮ ಸರ್ ನನಗೆ ಯಾವಾಗಲೂ "ಈಕಿ ಭಾಳ ಶ್ಯಾಣ್ಯಾಕಿ" ಅನ್ನುತ್ತಿದ್ದರು. ಕೇಳಲು ಚೆಂದ. ಆದರೆ ಎಂಟನೇ ಕ್ಲಾಸಲ್ಲಿ ಬೀಜಗಣಿತ ತಿಳಿಯಲಿಲ್ಲ, ಕೇಳಲು ನಾಚಿಕೆ. ಶ್ಯಾಣ್ಯಾಕಿ ಹೋಗಿ ಡೌಟ್ ಕೇಳುವುದು ಹೇಗೆ? ಸುಮ್ಮನೆ ತಲೆ ಆಡಿಸಿ ಕೂರುತ್ತಿದ್ದೆ.

ಈಗ ಸೈಕಾಲಜಿ ಓದುವಾಗ ಗೊತ್ತಾಯಿತು. 1998ರಲ್ಲಿ ಕ್ಲೌಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಇಬ್ಬರೂ ಐದನೇ ತರಗತಿ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮ ಪಟ್ಟೆ" ಅಂದರು. ಬುದ್ಧಿವಂತ ಅನ್ನಿಸಿಕೊಂಡವರಲ್ಲಿ ಜಾಸ್ತಿ ಮಕ್ಕಳು ಮುಂದೆ ಸುಲಭದ್ದನ್ನೇ ಆರಿಸಿಕೊಂಡರು. ಕಷ್ಟದ್ದು ಕೊಟ್ಟು ಸೋತ ಮೇಲೆ ಅವರೇ ಹೆಚ್ಚು ಕುಗ್ಗಿದರು. ಓದಿ ನನ್ನ ಬಗ್ಗೆಯೇ ಬರೆದಿದ್ದಾರೆ ಅನ್ನಿಸಿತು.

ನನ್ನನ್ನು ಸರಿ ದಾರಿಗೆ ತಂದವರು ಒಂಬತ್ತನೇ ಕ್ಲಾಸಿನ ಮೇಡಂ. ಉತ್ತರ ತಪ್ಪಿದ್ದರೂ ಅಡ್ಡ ಗೆರೆ ಎಳೆಯುತ್ತಿರಲಿಲ್ಲ. "ಮೂರನೇ ಸ್ಟೆಪ್‌ವರೆಗೆ ಸರಿ ಅದ, ಅಲ್ಲಿಂದ ನೋಡು" ಅಂತ ಬರೆಯುತ್ತಿದ್ದರು. ಹಾಗಾಗಿ ನಿಮ್ಮ ಮಗನಿಗೆ ನೀವು "ನೀನು ತುಂಬಾ ಜಾಣ" ಅನ್ನುವುದನ್ನು ಬಿಡಿ. ಅವನು ನಂಬುವುದಿಲ್ಲ, ನಂಬಿದರೂ ಕಷ್ಟ.

ಬಿ.ಎಡ್. ಕಾಲೇಜಿನ ನಿವೃತ್ತ ಉಪನ್ಯಾಸಕ, ಮೈಸೂರು

ತಾಯಿ, ಒಂದು ಮಾತಿಗೆ ಅಷ್ಟು ಹೆದರಬೇಡಿ. ರಾಬರ್ಟ್ ರೋಸೆಂತಾಲ್, ಲೆನೋರ್ ಜೇಕಬ್‌ಸನ್ ಅವರ ಪ್ರಯೋಗವನ್ನು ನಾವು ಬಿ.ಎಡ್.ನಲ್ಲಿ ಪಾಠ ಮಾಡುತ್ತಿದ್ದೆವು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಶಾಲೆಯಲ್ಲಿ ಕೆಲವು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ಇವರು ಈ ವರ್ಷ ಬಹಳ ಮುಂದೆ ಬರುತ್ತಾರೆ ಅಂತ ಟೀಚರ್‌ಗಳಿಗೆ ಹೇಳಿದರು. ಒಂದು, ಎರಡನೇ ತರಗತಿಯಲ್ಲಿ ಆ ಮಕ್ಕಳು ನಿಜವಾಗಿಯೂ ಹೆಚ್ಚು ಮುಂದೆ ಬಂದರು. ಇದನ್ನು ಹೇಳುವವರು ಮುಂದಿನದನ್ನು ಬಿಟ್ಟುಬಿಡುತ್ತಾರೆ. ದೊಡ್ಡ ತರಗತಿಗಳಲ್ಲಿ ಆ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ. ಪ್ರಯೋಗದ ಅಳತೆಗಳ ಬಗ್ಗೆಯೇ ಟೀಕೆ ಬಂತು. ಆಮೇಲಿನ ಅಧ್ಯಯನಗಳಲ್ಲಿ ಪರಿಣಾಮ ಇದೆ, ಆದರೆ ಸಾಮಾನ್ಯವಾಗಿ ಸಣ್ಣದು. ಅಂದರೆ ಮಿಸ್ ಒಂದು ದಿನ ಅಂದ ಮಾತಿನಿಂದ ಹುಡುಗ ಕೆಟ್ಟುಹೋಗುವುದಿಲ್ಲ. ಅದೇ ಮಾತು ವರ್ಷವಿಡೀ ಬೇರೆ ಬೇರೆ ರೂಪದಲ್ಲಿ ಬೀಳುತ್ತಿದ್ದರೆ ಮಾತ್ರ ಚಿಂತೆ.

ಪ್ರೋತ್ಸಾಹ ಅಂದರೆ ಹೊಗಳಿಕೆಯೇ ಆಗಬೇಕಿಲ್ಲ. ಕುವೆಂಪು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅದನ್ನು ತೋರಿಸಿದರು. ಕಸಿನ್ಸ್ ಆಹಾ ಅನ್ನಲಿಲ್ಲ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ಹುಡುಗನಿಗೆ ಆಗ ಬೇಸರ ಆಗಿದ್ದೂ ಉಂಟು. ಆದರೆ ದಾರಿ ಸಿಕ್ಕಿತು. ಮುಂದೆ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರು ಬೆನ್ನಿಗೆ ನಿಂತರು, ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೇ. ನಿಮ್ಮ ಹುಡುಗನೂ ಊರಲ್ಲಿ ಮಾತಿನ ಮಲ್ಲ ಅಂದಿರಿ. ಅವನ ಕನ್ನಡವನ್ನು ಮನೆಯಲ್ಲಿ ಬಿಡಿಸಬೇಡಿ. ಶಾಲೆಯವರು ಬಿಡಿಸಿ ಅಂದರೂ ಕೇಳಬೇಡಿ.

ಕೇಳಿದ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಡೈರಿಯಲ್ಲಿ ಬರೆದೆ, ಮಿಸ್ ಕರೆದರು. ಆ ಮಾತು ಅಂದಿದ್ದು ಅವರಿಗೆ ನೆನಪೇ ಇಲ್ಲ. ಆದರೆ ನಲಿ ಕಲಿ ಅಂದಾಗ ಸ್ವಲ್ಪ ಹೊತ್ತು ಕೂತು ಕೇಳಿದರು. ಅವರ ಅಕ್ಕನೂ ಸರ್ಕಾರಿ ಶಾಲೆ ಟೀಚರ್ ಅಂತೆ. ಪ್ಯಾರಾ ಮೊದಲೇ ಹೇಳಲು ಒಪ್ಪಿದರು. ಮೊನ್ನೆ ಎರಡು ಸಾಲು ಓದಿದನಂತೆ, ಬಂದು ತಾನಾಗೇ ಹೇಳಿದ. ಲೆಕ್ಕದ ಪುಸ್ತಕ ಈಗ ತೆಗೆಯುತ್ತಾನೆ. ಹಿಂದಿಗೆ ಮಾತ್ರ ಇನ್ನೂ "ನಂಗೆ ಬರಲ್ಲ". ಹಾಗೆ ಅಂದಾಗ ಮನೆಯಲ್ಲಿ ನಾನು ಏನು ಹೇಳಬೇಕು? "ಬರುತ್ತೆ, ಬರುತ್ತೆ" ಅಂದರೆ ಅಳುತ್ತಾನೆ.

ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕಿ, ಹಾಸನ ಜಿಲ್ಲೆ

"ಬರುತ್ತೆ" ಅನ್ನಬೇಡಿ, ಅದು ವಾದ ಆಗುತ್ತದೆ. "ಎಲ್ಲಿವರೆಗೆ ಬರುತ್ತೆ, ತೋರಿಸು" ಅನ್ನಿ. ಎರಡು ಅಕ್ಷರ ತೋರಿಸಿದರೆ ಅಲ್ಲಿಂದ ಮೂರನೆಯದು, ಅವತ್ತಿಗೆ ಪುಸ್ತಕ ಮುಚ್ಚಿ. ಹಿಂದಿ ಅವನಿಗೆ ಪೂರ್ತಿ ಹೊಸದು, ಅವಸರ ಬೇಡ. ದಸರಾ ರಜೆಗೆ ಊರಿಗೆ ಹೋಗುತ್ತೀರಲ್ಲ, ಅವನ ಮೂರನೇ ಕ್ಲಾಸ್ ಟೀಚರ್ ಅಲ್ಲೇ ಹತ್ತಿರದಲ್ಲಿದ್ದರೆ ಅವರ ಮನೆಗೆ ಕರೆದುಕೊಂಡು ಹೋಗಿ. ಹೊಸ ಶಾಲೆಯ ಇಂಗ್ಲಿಷ್ ಪುಸ್ತಕವನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿರಲಿ. ಓದು ಅಂತ ನೀವು ಹೇಳಬೇಡಿ, ಅವರೇ ಕೇಳುತ್ತಾರೆ.