ಓದುಗರ ಸ್ಪಂದನ: ಹಳೆಯ ಪ್ರಕರಣ, ಮುಂದಿರುವ ನರ್ಸಿಂಗ್ ನೋಂದಣಿ

ಕಳೆದ ಸಂಚಿಕೆಯ ಸಮಸ್ಯೆ: ದ್ವಿತೀಯ ಪಿಯುಸಿ ಮುಗಿದ ಬೇಸಿಗೆಯಲ್ಲಿ ಬೆಂಗಳೂರಿನ ಪಿಜಿಯೊಂದರಲ್ಲಿದ್ದ ಹುಡುಗಿ ಜೊತೆಗಾತಿಯ ಚಿನ್ನದ ಸರ ತೆಗೆದು ಅಡವಿಟ್ಟಿದ್ದಳು. ಐಪಿಸಿ 379ನೇ ಕಲಂ ಅಡಿ ಪ್ರಕರಣವಾಗಿ, ವಕೀಲರ ಮಾತಿನಂತೆ ತಪ್ಪೊಪ್ಪಿಕೊಂಡಳು. ಜೈಲಾಗಲಿಲ್ಲ, ‘ಎಂಥದ್ದೋ ಬಾಂಡಿಗೆ ಸಹಿ ಹಾಕಿಸಿಕೊಂಡು ಕಳಿಸಿದರು’ ಎಂದು ಬರೆದಿದ್ದಾಳೆ. ಈಗ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಕೊನೆಯ ವರ್ಷ. ನೋಂದಣಿ ಸಮಯದಲ್ಲಿ ಇದನ್ನು ಹೇಳಬೇಕೇ, ಸುಮ್ಮನಿರಬೇಕೇ? ಅಮ್ಮ ಸುಮ್ಮನಿರು ಎನ್ನುತ್ತಾರೆ. ವಿದೇಶಕ್ಕೆ ಹೋಗುವ ಆಸೆಯೂ ಇದೆ.

*

ಮಗಳೇ, ನಿನ್ನ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಎಂಥದ್ದೋ ಬಾಂಡು’ ಎಂಬ ಮಾತು. ಹೇಳಬೇಕೇ ಬೇಡವೇ ಎಂಬುದು ಆಮೇಲಿನ ಪ್ರಶ್ನೆ. ಏನನ್ನು ಹೇಳಬೇಕು ಎಂಬುದೇ ನಿನಗೆ ಇನ್ನೂ ಗೊತ್ತಿಲ್ಲ. ಮೊದಲು ತೀರ್ಪಿನ ದೃಢೀಕೃತ ನಕಲು ತೆಗೆಸು. ಪ್ರಕರಣದ ಸಂಖ್ಯೆ ಮರೆತಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು; ಆಮೇಲೆ ಆ ನ್ಯಾಯಾಲಯದ ನಕಲು ವಿಭಾಗಕ್ಕೆ ಅರ್ಜಿ ಕೊಟ್ಟರಾಯಿತು.

ತೀರ್ಪಿನ ಕೊನೆಯ ಪುಟ ನೋಡು. ಅಲ್ಲಿ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ, ಅಂದರೆ ಎಲ್ಲರೂ ಪ್ರೊಬೇಷನ್ ಎನ್ನುವ ಕಾಯ್ದೆಯ, 3 ಅಥವಾ 4ನೇ ಕಲಂ ಇದೆಯೇ? ಮೂರನೆಯದು ಎಚ್ಚರಿಕೆ ಕೊಟ್ಟು ಬಿಡುವುದು. ನಾಲ್ಕನೆಯದು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದು. ಅದರ ಅವಧಿ ಹೆಚ್ಚೆಂದರೆ ಮೂರು ವರ್ಷ. ನೀನು ಹೇಳುವ ಬಾಂಡು ಬಹುಶಃ ಅದೇ. ಹಾಗಾದರೆ 12ನೇ ಕಲಂ ನಿನ್ನ ಬೆಂಬಲಕ್ಕಿದೆ: ಹೀಗೆ ಬಿಡುಗಡೆಯಾದವರಿಗೆ ಶಿಕ್ಷೆಯ ಕಾರಣದಿಂದ ಅಂಟುವ ಅನರ್ಹತೆ ಅಂಟುವುದಿಲ್ಲ. ಆದರೆ ಇದನ್ನು ಅರ್ಧ ಓದಿಕೊಂಡು ಹಿಗ್ಗಬೇಡ. ಅನರ್ಹತೆ ಹೋಗುತ್ತದೆ, ಅಪರಾಧಿ ಎಂಬ ತೀರ್ಮಾನ ಅಳಿಸುವುದಿಲ್ಲ. ‘ಎಂದಾದರೂ ನ್ಯಾಯಾಲಯ ನಿಮ್ಮನ್ನು ಅಪರಾಧಿ ಎಂದಿದೆಯೇ’ ಎಂದು ಅರ್ಜಿ ಕೇಳಿದರೆ ಉತ್ತರ ಹೌದು ಎಂದೇ. ಬರೀ ದಂಡ ಕಟ್ಟಿಸಿಕೊಂಡು ಬಿಟ್ಟಿದ್ದರೆ ಈ 12ನೇ ಕಲಂನ ರಕ್ಷಣೆಯೂ ಇಲ್ಲ. ‘ದಂಡ ಕಟ್ಟಿದರೆ ಮುಗಿಯಿತು’ ಎಂದು ನ್ಯಾಯಾಲಯದ ವರಾಂಡದಲ್ಲಿ ಹೇಳುವವರ ಮಾತು ಕೇಳಿ ಕೆಟ್ಟವರನ್ನು ಸೇವೆಯುದ್ದಕ್ಕೂ ನೋಡಿದ್ದೇನೆ.

ಇನ್ನೊಂದು ವಿಷಯ ಯಾರೂ ಎತ್ತಲಾರರು ಎಂದು ಬರೆಯುತ್ತಿದ್ದೇನೆ. ಪಿಯುಸಿ ಮುಗಿದ ಬೇಸಿಗೆ ಎಂದಿದ್ದೀಯ. ಸರ ತೆಗೆದ ದಿನ ನಿನಗೆ ಹದಿನೆಂಟು ತುಂಬಿತ್ತೇ? ತೀರ್ಪಿನ ದಿನದ ವಯಸ್ಸು ಲೆಕ್ಕಕ್ಕಿಲ್ಲ, ಘಟನೆಯ ದಿನದ್ದು ಮುಖ್ಯ. ಠಾಣೆಯಲ್ಲಿ ಬಾಯಿಮಾತಿಗೆ ವಯಸ್ಸು ಬರೆದುಕೊಳ್ಳುವುದು ಹೊಸದೇನಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜನ್ಮದಿನಾಂಕ ಇಟ್ಟುಕೊಂಡು ಎಣಿಸು. ಒಂದು ದಿನ ಕಡಿಮೆಯಿದ್ದರೂ 2015ರ ಬಾಲನ್ಯಾಯ ಕಾಯ್ದೆಯಂತೆ, ಆಗ ನಾನು ಅಪ್ರಾಪ್ತಳಾಗಿದ್ದೆ ಎಂಬ ವಾದವನ್ನು ಪ್ರಕರಣ ಮುಗಿದ ಮೇಲೂ ಎತ್ತಬಹುದು; ಅದರ 24ನೇ ಕಲಂ ಅನರ್ಹತೆಯನ್ನು ತೆಗೆಯುವುದಲ್ಲದೆ ದಾಖಲೆ ನಾಶಪಡಿಸಲೂ ಹೇಳುತ್ತದೆ.
– ನಿವೃತ್ತ ಶಿರಸ್ತೇದಾರ, ರಾಜಾಜಿನಗರ

*

ಹೇಳಬೇಡ ಎನ್ನುವ ನಿಮ್ಮ ಅಮ್ಮನ ಭಯ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. ಹೊಡೆದಾಟದ ಕೇಸಾಗಿದ್ದರೆ ನಾನು ಇಷ್ಟು ಬಿಗಿಯಾಗಿ ಬರೆಯುತ್ತಿರಲಿಲ್ಲ. ಥಿಯೇಟರಿಗೆ ಒಯ್ಯುವ ಮುನ್ನ ರೋಗಿಯ ಬಳೆ, ತಾಳಿ, ಓಲೆ ಬಿಚ್ಚಿ ಎಣಿಸಿ ಮನೆಯವರಿಗೆ ಒಪ್ಪಿಸುವುದು ನರ್ಸ್‌ಗಳಾದ ನಾವು. ನೋವಿನ ಚುಚ್ಚುಮದ್ದಿನ ಬೀಗದ ಕೈ ನಮ್ಮ ಸೊಂಟದಲ್ಲಿರುತ್ತದೆ. ಹೀಗಿರುವಾಗ ಕಳ್ಳತನದ ಕೇಸನ್ನು ಮುಚ್ಚಿಟ್ಟದ್ದು ಮೂರನೆಯವರ ಬಾಯಿಂದ ಹೊರಬಿದ್ದರೆ ವಾರ್ಡಿನಲ್ಲಿ ಕಾಣೆಯಾಗುವ ಪ್ರತಿ ಉಂಗುರಕ್ಕೂ ನಿಮ್ಮ ಕಡೆಗೇ ತಿರುಗಿ ನೋಡುತ್ತಾರೆ.

ಎರಡನ್ನು ಬೇರೆ ಬೇರೆ ಇಟ್ಟುಕೊಳ್ಳಿ. ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಒಂದು, ಆಸ್ಪತ್ರೆಯ ನೌಕರಿ ಇನ್ನೊಂದು. ಪರಿಷತ್ತಿನ ಅರ್ಜಿಯಲ್ಲಿ ಕೇಳಿದ ಪ್ರಶ್ನೆಗೆ ಕೇಳಿದಷ್ಟೇ ಉತ್ತರ, ಜೊತೆಗೆ ತೀರ್ಪಿನ ನಕಲು; ಅಳುಮುಂಜಿ ಪತ್ರ ಬೇಡ. ನೌಕರಿಯಲ್ಲಿ ಪೊಲೀಸ್ ಪರಿಶೀಲನೆ ನಡೆಯುತ್ತದೆ. ಈ ಬಗ್ಗೆ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ನಿಜ ಹೇಳಿದವರ ಹಿನ್ನೆಲೆಯನ್ನು ತೂಗಿ ನೋಡುವ ಹಕ್ಕು ಉದ್ಯೋಗದಾತರಿಗಿದೆ, ಕೆಲಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಮುಚ್ಚಿಟ್ಟವರನ್ನು ಸೇವೆಗೆ ಸೇರಿದ ಮೇಲೂ ತೆಗೆದುಹಾಕಬಹುದು. ನಿಜ ಹೇಳಿದರೆ ಒಂದೆರಡು ಕಡೆ ಬಾಗಿಲು ಮುಚ್ಚಬಹುದು, ಮೂರನೆಯ ಕಡೆ ತೆರೆಯುತ್ತದೆ. ನೇಮಕಾತಿ ಸಂದರ್ಶನಗಳಲ್ಲಿ ಕುಳಿತು ಅಂಥವರನ್ನು ತೆಗೆದುಕೊಂಡವಳೇ ಹೇಳುತ್ತಿದ್ದೇನೆ.
– ನಿವೃತ್ತ ಶುಶ್ರೂಷಾ ಅಧೀಕ್ಷಕಿ, ಜಯನಗರ

*

ಎಲ್ಲರೂ ಅನುಕಂಪ ತೋರಿಸುತ್ತೀರಿ. ನನ್ನ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಕಿವಿಯ ಬೆಂಡೋಲೆ ಹೋಯಿತು, ಇವತ್ತಿಗೂ ಸಿಕ್ಕಿಲ್ಲ. ಆ ಹುಡುಗಿ ಲ್ಯಾಬ್ ಟೆಕ್ನಿಷಿಯನ್ ಆಗಲಿ, ಬೇರೇನಾದರೂ ಓದಲಿ. ರೋಗಿಯ ಪಕ್ಕ ಬೇಡ.
– ಗೃಹಿಣಿ, ಬಸವನಗುಡಿ

*

ವಿದೇಶದ ಮಾತು ಬಂದದ್ದರಿಂದ ಎರಡು ಸಾಲು. ಬ್ರಿಟನ್ನಿನ ಶುಶ್ರೂಷಾ ಮಂಡಳಿ ನೋಂದಣಿಗೆ ಮೊದಲು ಹಳೆಯ ಶಿಕ್ಷೆಗಳನ್ನು ತಿಳಿಸಲು ಹೇಳುತ್ತದೆ, ಯಾವ ದೇಶದಲ್ಲಿ ಆಗಿದ್ದರೂ ಸರಿ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ಮಂಡಳಿ. ಬಹುತೇಕ ಕಡೆ ಬೆರಳಚ್ಚು ಕೊಡಬೇಕು. ಅಲ್ಲಿನ ನರ್ಸ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು ನಿಜ, ಆದರೆ ಪಾಸಾದ ಮಾತ್ರಕ್ಕೆ ಪರವಾನಗಿ ಸಿಕ್ಕಂತಲ್ಲ. ಏಜೆಂಟರು ‘ಅದನ್ನೆಲ್ಲ ಬರೆಯುವುದು ಬೇಡ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಕಮಿಷನ್ ಪಡೆದ ಮೇಲೆ ಅವರು ಫೋನ್ ಎತ್ತುವುದಿಲ್ಲ.
– ನರ್ಸ್, ಯಲಹಂಕ

*

ಶಿರಸ್ತೇದಾರರು ಹೇಳುವ ಕೆಲಸಕ್ಕೆಲ್ಲ ವಕೀಲರು ಬೇಕಲ್ಲ, ದುಡ್ಡೆಲ್ಲಿ ಎಂದುಕೊಳ್ಳಬೇಡಿ ತಂಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ಪ್ರಾಧಿಕಾರದ ಕಚೇರಿಗೆ ಹೋಗುವಾಗ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮರೆಯಬೇಡಿ. ಇದನ್ನು ಕೊನೆಯ ಪರೀಕ್ಷೆಗೆ ಮೊದಲೇ ಶುರುಮಾಡಿ, ನಕಲು ಬರುವುದಕ್ಕೆ ಅವರವರದೇ ವೇಗವಿರುತ್ತದೆ.
– ಅರೆಕಾನೂನು ಸ್ವಯಂಸೇವಕಿ, ಕೆಂಗೇರಿ