ದೊಡ್ಡಪ್ಪನ ಫಾರ್ವರ್ಡ್, 20 ಡಿಗ್ರಿ ಜಗಳ

ದೊಡ್ಡಪ್ಪ (ಫಾರ್ವರ್ಡ್): ಕಾರಿಗೊಂದು ಪುಟ್ಟ ಫ್ರಿಜ್! ಕಂಪ್ರೆಸರ್ ಇಲ್ಲ! ಗ್ಯಾಸ್ ಇಲ್ಲ! ಸದ್ದಿಲ್ಲ! ಕಾರಿನ ಸಾಕೆಟ್‌ಗೆ ಸಿಕ್ಕಿಸಿದರೆ ಸಾಕು, 20 ಡಿಗ್ರಿ ತಂಪು! ಎಲ್ಲರಿಗೂ ಹಂಚಿ!

ದೊಡ್ಡಪ್ಪ: ಇದನ್ನು ತರಿಸೋಣ ಅಂತಿದ್ದೇನೆ. ಪ್ರಯಾಣದಲ್ಲಿ ನನ್ನ ಇನ್ಸುಲಿನ್ ಇಡುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಚಿಕ್ಕಪ್ಪ: ಅಣ್ಣ, ಅದು ಫ್ರಿಜ್ ಅಲ್ಲ. ಫ್ಯಾನ್ ಕೂರಿಸಿದ ಡಬ್ಬಿ.

ಭಾವ: ಹಾಗೆ ತಳ್ಳಿಹಾಕಬೇಡಿ ಚಿಕ್ಕಮಾವ. ಒಳಗಿರುವುದು ಪೆಲ್ಟಿಯರ್ ಮಾಡ್ಯೂಲ್. ಎರಡು ಸೆರಾಮಿಕ್ ಬಿಲ್ಲೆಗಳ ನಡುವೆ ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕದ ಪುಟ್ಟ ತುಂಡುಗಳು. ಕರೆಂಟ್ ಹರಿಸಿದರೆ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿ. 1834ರಲ್ಲಿ ಪೆಲ್ಟಿಯರ್ ಎಂಬ ವಿಜ್ಞಾನಿ ಕಂಡುಕೊಂಡದ್ದು. 1838ರಲ್ಲಿ ಲೆಂಜ್ ಎಂಬ ಇನ್ನೊಬ್ಬ ವಿಜ್ಞಾನಿ ಇದೇ ದಾರಿಯಲ್ಲಿ ಒಂದು ಹನಿ ನೀರನ್ನು ಮಂಜುಗಡ್ಡೆ ಮಾಡಿ, ಕರೆಂಟ್ ತಿರುಗಿಸಿ ಕರಗಿಸಿಯೂ ತೋರಿಸಿದ.

ಚಿಕ್ಕಪ್ಪ: ಒಂದು ಹನಿ. ಸರಿಯಾಗಿ ಹೇಳಿದಿರಿ ಅಳಿಯಂದ್ರೇ.

ನಾನು: ದೊಡ್ಡಪ್ಪ, 20 ಡಿಗ್ರಿ ಅಂತ ಬರೆದ ಜಾಗದ ಕೆಳಗೆ ಸಣ್ಣಕ್ಷರ ಇರುತ್ತದೆ. ಚಿತ್ರ ದೊಡ್ಡದು ಮಾಡಿ ನೋಡಿ.

ದೊಡ್ಡಪ್ಪ: "ಹೊರಗಿನ ತಾಪಮಾನಕ್ಕಿಂತ" ಅಂತಿದೆ. ಅದಕ್ಕೇನೀಗ?

ನಾನು: ಎಲ್ಲಾ ಇರುವುದು ಅಲ್ಲೇ. ಹೊರಗೆ 40 ಇದ್ದರೆ ಒಳಗೆ 20. ಇನ್ಸುಲಿನ್‌ನ ಹೊಸ ಶೀಶೆಗೆ ಬೇಕಾದದ್ದು 2ರಿಂದ 8. ಬಿಸಿಲಲ್ಲಿ ನಿಂತ ಕಾರಿನ ಒಳಗಂತೂ ಲೆಕ್ಕ ಇನ್ನೂ ಕೆಡುತ್ತದೆ.

ಭಾವ: ಮಾಡ್ಯೂಲ್‌ನ ವಿವರದ ಹಾಳೆಯಲ್ಲಿ ಎರಡು ಮುಖಗಳ ನಡುವೆ 65ರಿಂದ 70 ಡಿಗ್ರಿ ವ್ಯತ್ಯಾಸ ಅಂತ ಇರುತ್ತದಲ್ಲ? 12706 ನಂಬರಿನದು, ಎಲ್ಲಾ ಕಡೆ ಸಿಗುವುದೇ. ಆ ತುಂಡುಗಳ 127 ಜೋಡಿ, 6 ಆಂಪ್ ಕರೆಂಟ್.

ನಾನು: ಅದು ತಣ್ಣನೆ ಮುಖದ ಮೇಲೆ ಎಳೆಯಬೇಕಾದ ಶಾಖದ ಹೊರೆಯೇ ಇಲ್ಲದಾಗ ಭಾವ. ಹಾಳೆಯಲ್ಲಿ ಬರೆದಿರುವ ಶಾಖ ಎಳೆಯುವ ವ್ಯಾಟ್ ಸಿಗುವುದು ಎರಡೂ ಮುಖ ಒಂದೇ ತಾಪದಲ್ಲಿರುವಾಗ. ಆ ವ್ಯತ್ಯಾಸ, ಆ ವ್ಯಾಟ್ ಎರಡೂ ಒಟ್ಟಿಗೆ ಸಿಗುವುದಿಲ್ಲ. ಒಂದು ಹೆಚ್ಚಾದಂತೆ ಇನ್ನೊಂದು ಇಳಿಯುತ್ತದೆ.

ಭಾವ: ಹಾಗಾದರೆ ಕರೆಂಟ್ ಜಾಸ್ತಿ ಕೊಟ್ಟರಾಯಿತು.

ಚಿಕ್ಕಪ್ಪ: ಕೊಡಿ. ಕರೆಂಟ್ ಎರಡು ಪಟ್ಟಾದರೆ ತಂಪು ಮಾಡುವ ಶಕ್ತಿ ಹೆಚ್ಚೆಂದರೆ ಎರಡು ಪಟ್ಟು. ಮಾಡ್ಯೂಲ್ ತಾನೇ ಕಾಯುವುದು ನಾಲ್ಕು ಪಟ್ಟು. ಆ ಶಾಖದ ಅರ್ಧ ತಣ್ಣನೆ ಮುಖಕ್ಕೇ ವಾಪಸ್. ಒಂದು ಹಂತ ದಾಟಿದ ಮೇಲೆ ಕರೆಂಟ್ ಏರಿಸಿದಷ್ಟೂ ಡಬ್ಬಿ ಬೆಚ್ಚಗಾಗುತ್ತದೆ. ತಳ ತೂತಾದ ಬಿಂದಿಗೆಗೆ ಜೋರಾಗಿ ನೀರು ಹೊಯ್ದ ಹಾಗೆ.

ಭಾವ: ಒಂದರ ಮೇಲೊಂದು ಎರಡು ಮಾಡ್ಯೂಲ್?

ನಾನು: ಮೇಲಿನದ್ದು ಎಳೆದ ಶಾಖ, ಅದು ತಿಂದ ಕರೆಂಟು, ಎರಡನ್ನೂ ಕೆಳಗಿನದ್ದು ಹೊರಬೇಕು. ಅದಕ್ಕೆ ಕೆಳಗಿನದ್ದು ದೊಡ್ಡದಿರಬೇಕು. ಒಂದೇ ಅಳತೆಯ ಎರಡು ಇಟ್ಟರೆ ಸುಮ್ನೆ ಕರೆಂಟ್ ದಂಡ.

(ನಡುವೆ ಅತ್ತೆಯ ಗುಡ್ ಮಾರ್ನಿಂಗ್ ಚಿತ್ರ ಬಂತು. ಯಾರೂ ನೋಡಲಿಲ್ಲ.)

ಅಕ್ಕ: ರೀ, ವಾದ ಆಮೇಲೆ. ಮೊದಲು ಆ ಬಿಚ್ಚಿಟ್ಟ ಡಬ್ಬಿಯನ್ನು ಟೇಬಲ್ ಮೇಲಿಂದ ತೆಗೀರಿ.

ದೊಡ್ಡಪ್ಪ: ಓಹೋ, ಅಳಿಯಂದ್ರ ಹತ್ತಿರ ಆಗಲೇ ಒಂದಿದೆಯಾ?

ಭಾವ: ಹಳೆಯದು ಮಾವ. ತಂಪು ಸಾಲದು ಅಂತ ಬಿಚ್ಚಿದ್ದೆ. ಫೋಟೋ ಹಾಕಿದ್ದೇನೆ ನೋಡಿ.

ನಾನು: ಫೋಟೋ ನೋಡಿದೆ. ಇದರಲ್ಲಿ ಮಾಡ್ಯೂಲ್‌ನ ತಪ್ಪೇನೂ ಕಾಣುವುದಿಲ್ಲ. ಬಿಸಿ ಕಡೆಯ ಹೀಟ್ ಸಿಂಕ್, ಅಂದರೆ ಮಾಡ್ಯೂಲ್ ಮತ್ತು ಗಾಳಿಯ ನಡುವೆ ಶಾಖ ದಾಟಿಸುವ ಲೋಹದ ತುಂಡು, ಅಂಗೈಯಷ್ಟೂ ಇಲ್ಲ. ಲೆಕ್ಕ ಹಾಕಿ. ಡಬ್ಬಿ 60 ವ್ಯಾಟ್ ತಿಂದು ಒಳಗಿಂದ 20 ವ್ಯಾಟ್ ಎಳೆದರೆ, ಹೊರಗೆ ಚೆಲ್ಲಬೇಕಾದ್ದು 80 ವ್ಯಾಟ್. ಪ್ರತಿ ವ್ಯಾಟ್‌ಗೆ ಕಾಲು ಡಿಗ್ರಿ ಕಾಯುವ ಒಳ್ಳೆಯ ಸಿಂಕ್ ಇದ್ದರೂ ಬಿಸಿ ಮುಖ ಹೊರಗಿನ ಗಾಳಿಗಿಂತ 20 ಡಿಗ್ರಿ ಮೇಲೆ. ಒಳಗೆ 20 ಕಡಿಮೆ, ಹೊರಗೆ 20 ಜಾಸ್ತಿ, ಮಾಡ್ಯೂಲ್ ದುಡಿಯುತ್ತಿರುವುದು 40ರ ವ್ಯತ್ಯಾಸಕ್ಕೆ. ನಿಮ್ಮ ಈ ಪುಟ್ಟ ಸಿಂಕ್‌ಗೆ ಇನ್ನೂ ಕಷ್ಟ. ಅದರ ಫ್ಯಾನಿನ ಜಾಲರಿಗೆ ಧೂಳು ಬೇರೆ ಮೆತ್ತಿಕೊಂಡಿದೆ.

ಚಿಕ್ಕಪ್ಪ: ಸ್ಕ್ರೂ ನೋಡಿದೆಯಾ? ಉಕ್ಕಿನ ಸ್ಕ್ರೂ, ಬಿಸಿ ಸಿಂಕ್‌ನಿಂದ ನೇರ ತಣ್ಣನೆ ಸಿಂಕ್‌ಗೆ. ನೈಲಾನ್ ವಾಷರ್ ಒಂದೂ ಇಲ್ಲ. ಎಳೆದ ಶಾಖ ಅದೇ ಸ್ಕ್ರೂ ಹಿಡಿದು ಮನೆಗೆ ವಾಪಸ್.

ನಾನು: ಹೌದು. ಎರಡು ಸಿಂಕ್‌ಗಳ ನಡುವೆ ಮಾಡ್ಯೂಲ್‌ನ ದಪ್ಪದಷ್ಟೇ ಸಂದು, ನಾಲ್ಕು ಮಿಲಿಮೀಟರ್ ಇದ್ದರೆ ಹೆಚ್ಚು. ತಣ್ಣನೆ ಕಡೆ ಒಂದು ಅಲ್ಯೂಮಿನಿಯಂ ಗಟ್ಟಿ ಕೊಟ್ಟು ಎರಡನ್ನೂ ದೂರ ಮಾಡಿದ್ದರೆ ನಡುವೆ ದಪ್ಪ ಫೋಮ್ ತುಂಬಬಹುದಿತ್ತು. ಮಾಡ್ಯೂಲ್‌ನ ಅಂಚಿಗೆ ಸಿಲಿಕೋನ್ ಕೂಡ ಹಚ್ಚಿಲ್ಲ. ಇಬ್ಬನಿ ಒಳಗೆ ಸೇರಿ ಬೆಸುಗೆ ತುಕ್ಕು ಹಿಡಿಯುತ್ತದೆ.

ಭಾವ: ಸರಿ, ಇದು ಕೆಟ್ಟ ಡಬ್ಬಿ. ಚೆನ್ನಾಗಿ ಮಾಡಿದರೆ?

ನಾನು: ಚೆನ್ನಾಗಿ ಮಾಡಿದರೂ ಬಿಸಿಯಾದದ್ದನ್ನು ತಂಪು ಮಾಡುವ ಕೆಲಸಕ್ಕೆ ಅದು ಬೇಡ. ತಂಪಾದದ್ದನ್ನು ತಂಪಾಗಿಯೇ ಇಡುವುದಕ್ಕೆ ಇರಲಿ. 20 ಲೀಟರ್ ಡಬ್ಬಿ, ಸುತ್ತ 3 ಸೆಂಟಿಮೀಟರ್ ಪಾಲಿಯುರೆಥೇನ್ ಫೋಮ್, ಒಳಗೆ 20 ಡಿಗ್ರಿ ಕಡಿಮೆ ಅಂದರೆ ಸುಮಾರು 8 ವ್ಯಾಟ್ ಸೋರುತ್ತದೆ. ಅಷ್ಟನ್ನು ಅದು ಆರಾಮಾಗಿ ಹೊರಹಾಕುತ್ತದೆ. ಆದರೆ 10 ಲೀಟರ್ ನೀರನ್ನು 20 ಡಿಗ್ರಿ ಇಳಿಸು ಅಂದರೆ, ಸೋರಿಕೆ ಕಳೆದು 10 ವ್ಯಾಟ್ ಉಳಿದರೂ ಹತ್ತಿರ ಹತ್ತಿರ ಒಂದು ದಿನ ಬೇಕು.

ದೊಡ್ಡಪ್ಪ: ನನ್ನದು ನೀರಲ್ಲ, ಎರಡು ಇನ್ಸುಲಿನ್ ಪೆನ್ನು. ಅಷ್ಟಕ್ಕೆ ಇಷ್ಟೊಂದು ಗಲಾಟೆಯಾ?

ನಾನು: ಎರಡೇ ಆದ್ದರಿಂದಲೇ ಭಯ ದೊಡ್ಡಪ್ಪ. ತಂಪು ಜಾಗಕ್ಕೆ ಹೋದಿರಿ ಅಂತಿಟ್ಟುಕೊಳ್ಳಿ, ರಾತ್ರಿ ಹೊರಗೆ 12 ಡಿಗ್ರಿ. ಈ ಥರದ ಡಬ್ಬಿಗಳಲ್ಲಿ ಎಷ್ಟೋ ಕಡೆ, ತಾಪ ನೋಡಿ ತಾನೇ ಆಫ್ ಮಾಡುವ ಥರ್ಮೋಸ್ಟಾಟ್ ಇರುವುದಿಲ್ಲ. 12ರಲ್ಲಿ 20 ಕಳೆದರೆ ಎಷ್ಟು? ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಬಾರದು. ಮಧ್ಯಾಹ್ನ ಸಾಲದು, ರಾತ್ರಿ ಅತಿಯಾಯಿತು, ಎರಡೂ ಆ ಸಣ್ಣಕ್ಷರದ ಒಂದೇ ಸಾಲಿನ ಕೆಲಸ.

ದೊಡ್ಡಪ್ಪ: ಇದನ್ನು ಯಾಕಪ್ಪಾ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ?

ಅಕ್ಕ: ಬರೆದರೆ ನೀವು ತರಿಸುತ್ತಿದ್ರಾ ದೊಡ್ಡಪ್ಪ?

ಭಾವ: ಥರ್ಮೋಸ್ಟಾಟ್ ನಾನು ಹಾಕಿಕೊಡುತ್ತೇನೆ. 5 ಡಿಗ್ರಿಗೆ ಬಂದ ಕೂಡಲೇ ಆಫ್.

ಚಿಕ್ಕಪ್ಪ: ಆಫ್ ಆದ ಕೂಡಲೇ ಬಿಸಿ ಸಿಂಕ್‌ನ ಶಾಖ ಮಾಡ್ಯೂಲ್ ಮೂಲಕವೇ ಒಳಗೆ. ಸುತ್ತಲಿನ ಅಷ್ಟೂ ಫೋಮ್‌ನಿಂದ ಸೋರುವಷ್ಟು ಆ 4 ಸೆಂಟಿಮೀಟರ್ ಚೌಕದಿಂದ ಸೋರಬಹುದು. ಪದೇ ಪದೇ ಆನ್-ಆಫ್ ಆದರೆ ಬೆಸುಗೆಯೂ ಬಿರುಕು ಬಿಡುತ್ತದೆ. ಕರೆಂಟನ್ನು ಮೆಲ್ಲಗೆ ತಗ್ಗಿಸಿ ಏರಿಸುವ ಕಂಟ್ರೋಲರ್ ಹಾಕಿ, ಆಗ ಒಪ್ಪುತ್ತೇನೆ.

ಭಾವ: ನೋಡಿದಿರಾ, ಒಪ್ಪುತ್ತೇನೆ ಅಂದರು!

ಚಿಕ್ಕಪ್ಪ: ಬ್ಯಾಟರಿ ಮಾತು ಇನ್ನೂ ಬಂದಿಲ್ಲ. 5 ಆಂಪ್ ಎಳೆಯುವ ಡಬ್ಬಿಯನ್ನು ಎಂಜಿನ್ ಆಫ್ ಮಾಡಿ ರಾತ್ರಿಯಿಡೀ ಬಿಟ್ಟರೆ 60 ಆಂಪ್-ಅವರ್ ಬ್ಯಾಟರಿ 12 ಗಂಟೆಯಲ್ಲಿ ಪೂರ್ತಿ ಖಾಲಿ. ಅದಕ್ಕೂ ಮೊದಲೇ ಕಾರು ಸ್ಟಾರ್ಟ್ ಆಗುವುದಿಲ್ಲ. ಪುಟ್ಟ ಕಂಪ್ರೆಸರ್ ಡಬ್ಬಿಯೂ ಓಡುವಾಗ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತದೆ, ಆದರೆ ತಂಪಾದ ಮೇಲೆ ಬಹಳ ಹೊತ್ತು ಸುಮ್ಮನಿರುತ್ತದೆ.

ನಾನು: ಅದರ ಭಾರವನ್ನೂ ಹೇಳಿ ಚಿಕ್ಕಪ್ಪ. ಪೆಲ್ಟಿಯರ್ ಹಗುರ, ಓರೆ ಇಟ್ಟರೂ ನಡೆಯುತ್ತದೆ, ಸೋರಲು ಗ್ಯಾಸ್ ಇಲ್ಲ. ಲೇಸರ್, ಕ್ಯಾಮೆರಾ ಸೆನ್ಸರ್ ಇಂಥ ಸಣ್ಣ ವಸ್ತುವನ್ನು ಒಂದೇ ತಾಪದಲ್ಲಿ ಹಿಡಿದಿಡಲು ಅದೇ ಬೇಕು. ಎರಡು ಪೆನ್ನು ಅಂದರೆ ಅದೂ ಸಣ್ಣ ವಸ್ತುವೇ. 20 ಲೀಟರ್ ಬಿಟ್ಟು ಅಂಗೈಯಗಲದ ಡಬ್ಬಿ, ದಪ್ಪ ಫೋಮ್, ದೊಡ್ಡ ಸಿಂಕ್, ಕಂಟ್ರೋಲರ್ ಮಾಡಿದರೆ ಭಾವನ ಕೆಲಸಕ್ಕೆ ಅರ್ಥ ಇದೆ. ಅಲ್ಲಿಯವರೆಗೆ ದೊಡ್ಡಪ್ಪ, ಈಗ ಬಳಸುತ್ತಿರುವ ಪೆನ್ನು ಹೊರಗೆ ಎಷ್ಟು ದಿನ, ಎಷ್ಟು ಡಿಗ್ರಿವರೆಗೆ ಇರಬಹುದು ಅಂತ ಔಷಧದ ಜೊತೆಯ ಚೀಟಿಯಲ್ಲೇ ಇರುತ್ತದೆ. ಮೊದಲು ಅದನ್ನು ಓದಿ.

ದೊಡ್ಡಪ್ಪ: ಓದುತ್ತೇನೆ. ಅಳಿಯಂದ್ರೇ, ನೀವು ಮಾಡಿ. ಆದರೆ ಒಳಗೆ ಥರ್ಮಾಮೀಟರ್ ಇಟ್ಟು ಒಂದು ಹಗಲು, ಒಂದು ರಾತ್ರಿ ಓಡಿಸಿ ಅಂಕಿ ಕಳಿಸಿ. ಆಮೇಲೆ ಮಾತು.

ಭಾವ: ಆಯಿತು ಮಾವ. ಮನೆಯಲ್ಲಿ ಪಾದರಸದ್ದೇ ಇದೆ, ಜ್ವರ ನೋಡುವುದು.

ಚಿಕ್ಕಪ್ಪ: ಅದು ಶುರುವಾಗುವುದೇ 35ರಿಂದ ಅಳಿಯಂದ್ರೇ. ನನ್ನದು ಕೊಡುತ್ತೇನೆ, ಬಂದು ತಗೊಂಡು ಹೋಗಿ. ಬರುವಾಗ ಆ ಸಿಂಕ್ ಕೂಡ ತನ್ನಿ, ನೋಡೋಣ.