ಪರಿವರ್ತನಾ ಚಿಕಿತ್ಸೆಯ ಬಗ್ಗೆ ಹಾರರ್ ಚಿತ್ರ: ದೆವ್ವವನ್ನು ಉಳಿಸಿಕೊಳ್ಳಬೇಕೇ?

ಪ್ರಶ್ನೆ

ನಾವು ಐದು ಮಂದಿ ಸೇರಿ, ಯಾವ ನಿರ್ಮಾಪಕರ ಹಂಗೂ ಇಲ್ಲದೆ, ಇಪ್ಪತ್ತೈದು ನಿಮಿಷಗಳ ಹಾರರ್ ಚಿತ್ರವೊಂದನ್ನು ಮಾಡಲು ಹೊರಟಿದ್ದೇವೆ. ತಾನು ಇನ್ನೊಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆಂದು ಮನೆಯಲ್ಲಿ ಹೇಳಿಕೊಂಡ ಹತ್ತೊಂಬತ್ತರ ಯುವತಿಯನ್ನು ತಂದೆತಾಯಿಯೇ 'ಸರಿಪಡಿಸುವ', ಅಂದರೆ ಸಲಿಂಗ ಪ್ರೀತಿಯನ್ನು ಬದಲಾಯಿಸುತ್ತೇವೆನ್ನುವ 'ಪರಿವರ್ತನಾ ಚಿಕಿತ್ಸೆ'ಯ ಕೇಂದ್ರವೊಂದಕ್ಕೆ ಬಿಟ್ಟುಬರುವಲ್ಲಿಂದ ಕಥೆ ಆರಂಭವಾಗುತ್ತದೆ. ಮೊದಲ ಕರಡಿನಲ್ಲಿ ಆ ಕಟ್ಟಡದಲ್ಲಿ ನಿಜಕ್ಕೂ ಒಂದು ದೆವ್ವವಿದೆ. ಕೊನೆಗೆ ಅದು ನಾಯಕಿಯ ಮೈಮೇಲೆ ಬರುತ್ತದೆ, ಕೇಂದ್ರದ ಮುಖ್ಯಸ್ಥ ಅದನ್ನು ಬಿಡಿಸಲು ಹೋಗಿ ತಾನೇ ಬಲಿಯಾಗುತ್ತಾನೆ. ಕಾಗದದ ಮೇಲೆ ಇದು ಚೆನ್ನಾಗಿಯೇ ಕಂಡಿತ್ತು. ಆದರೆ ಎಲ್ಲರೂ ಕುಳಿತು ಗಟ್ಟಿಯಾಗಿ ಓದಿದಾಗ ಎಲ್ಲೋ ಎಡವಟ್ಟಾಗಿದೆ ಎನ್ನಿಸಿತು, ಎಲ್ಲಿ ಎಂದು ಮಾತ್ರ ಯಾರಿಗೂ ಹೇಳಲಾಗಲಿಲ್ಲ. ದೆವ್ವವನ್ನು ಉಳಿಸಿಕೊಳ್ಳಬೇಕೇ? 'ಚಿಕಿತ್ಸೆ'ಯ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ತೆರೆಯ ಮೇಲೆ ಎಷ್ಟರಮಟ್ಟಿಗೆ ತೋರಿಸಬಹುದು?

ಮೊದಲ ಉತ್ತರ

ಎಡವಟ್ಟು ಎಲ್ಲಿದೆ ಎಂಬುದು ನೀವು ಬರೆದ ಸಾರಾಂಶದಲ್ಲೇ ಕಾಣುತ್ತಿದೆ. ದೆವ್ವ ಬಿಡಿಸುವ ಸಿನಿಮಾಗಳಿಗೆ ಒಂದು ಹಳೆಯ ವ್ಯಾಕರಣವಿದೆ: ಮೈಮೇಲೆ ಏನೋ ಬಂದಿದೆ ಎಂಬುದನ್ನು ವೈದ್ಯರು ನಂಬುವುದಿಲ್ಲ, ಮಂತ್ರ ಬಲ್ಲವನು ನಂಬುತ್ತಾನೆ, ಕೊನೆಯಲ್ಲಿ ಅವನು ಹೇಳಿದ್ದೇ ನಿಜವಾಗುತ್ತದೆ. ಅವನು ಸತ್ತರೂ ಅವನ ಮಾತು ಸುಳ್ಳಾಗುವುದಿಲ್ಲ. ನಿಮ್ಮ ಕಥೆಯಲ್ಲಿ ಮುಖ್ಯಸ್ಥನು ಮೊದಲ ದಿನವೇ ಹುಡುಗಿಗೆ 'ನಿನ್ನೊಳಗೆ ನಿನ್ನದಲ್ಲದ್ದು ಏನೋ ಸೇರಿಕೊಂಡಿದೆ' ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಇಪ್ಪತ್ತನೆಯ ನಿಮಿಷದಲ್ಲಿ ನಿಜವಾಗಿಯೂ ಏನೋ ಸೇರಿಕೊಂಡರೆ, ನೀವು ಅವನ ವಾದಕ್ಕೆ ಸಾಕ್ಷಿ ಹೇಳಿದಂತಾಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಕಥೆಯ ಆಶಯ ಒಂದು ಕಡೆಗೆ, ಪ್ರಕಾರದ ಸೆಳೆತ ಇನ್ನೊಂದು ಕಡೆಗೆ.

2022ರಲ್ಲಿ ಬಂದ 'ದೇ/ದೆಮ್' ಚಿತ್ರವನ್ನು ನೋಡಿರದಿದ್ದರೆ ನೋಡಿ. ಅದು ಹಾರರ್ ಚಿತ್ರಗಳಿಗೆ ಹೆಸರಾದ ಅಮೆರಿಕದ ಬ್ಲಮ್‌ಹೌಸ್ ಸಂಸ್ಥೆಯದ್ದು, ಸ್ವತಂತ್ರ ಚಿತ್ರವೇನಲ್ಲ, ಆದರೆ ನಿಮ್ಮ ಸಮಸ್ಯೆಯನ್ನೇ ಎದುರಿಸಿದೆ. ಪರಿವರ್ತನಾ ಶಿಬಿರದಲ್ಲಿ ಮುಸುಕು ಹಾಕಿದ ಕೊಲೆಗಾರರೊಬ್ಬರು ತಿರುಗಾಡುತ್ತಾರೆ, ಬಲಿಯಾಗುವವರು ಶಿಬಿರಕ್ಕೆ ಬಂದ ಹುಡುಗ ಹುಡುಗಿಯರಲ್ಲ, ಅದನ್ನು ನಡೆಸುವವರು. ಉದ್ದೇಶ ಒಳ್ಳೆಯದೇ. ಆದರೂ ನನಗೆ ಆ ಮುಸುಕು ಭಯ ಹುಟ್ಟಿಸಲಿಲ್ಲ. ಸಲಹೆಗಾರ್ತಿಯೊಬ್ಬಳು ಎದುರು ಕುಳಿತು ಮಾತಿನಿಂದಲೇ ಒಂದು ಜೀವವನ್ನು ಕುಗ್ಗಿಸುವ ದೃಶ್ಯ ಹುಟ್ಟಿಸಿತು. ನಿಮ್ಮ ಇಡೀ ಚಿತ್ರವೇ ಆ ಕುರ್ಚಿಯಲ್ಲಿ ಕುಳಿತಿರಬಹುದು.

ಎರಡನೆಯ ಉತ್ತರ

ನಾನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಇಂಥದೊಂದು ಮನೆಯಲ್ಲಿ ಆರು ವಾರ ಇದ್ದವನು. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಈ ವಿಷಯದ ಸಿನಿಮಾ ಎಂದೊಡನೆ ಬಹುತೇಕರಿಗೆ ಕರೆಂಟಿನ ಕುರ್ಚಿಯೇ ನೆನಪಾಗುತ್ತದೆ. ಅದು ಕಟ್ಟುಕಥೆಯಲ್ಲ. 1960ರ ದಶಕದಲ್ಲಿ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಪುರುಷರ ಚಿತ್ರಗಳನ್ನು ತೋರಿಸುತ್ತಲೇ ವಿದ್ಯುತ್ ಆಘಾತ ಕೊಡುತ್ತಿದ್ದರು, ಅಪೊಮಾರ್ಫಿನ್ ಎಂಬ ಔಷಧ ಚುಚ್ಚಿ ವಾಂತಿ ಬರಿಸುತ್ತಿದ್ದರು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ರೋಗವೇ ಇಲ್ಲವೆಂದ ಮೇಲೂ ಚಿಕಿತ್ಸೆ ನಿಲ್ಲಲಿಲ್ಲ, ಮಾತಿನ ರೂಪಕ್ಕೆ, ಪ್ರಾರ್ಥನೆಯ ರೂಪಕ್ಕೆ ತಿರುಗಿತು. 'ಬದಲಾವಣೆ ಸಾಧ್ಯ' ಎನ್ನುತ್ತಿದ್ದವರು ಆಧಾರವಾಗಿ ಹಿಡಿದುಕೊಂಡಿದ್ದ 2003ರ ಅಧ್ಯಯನದ ಲೇಖಕ ರಾಬರ್ಟ್ ಸ್ಪಿಟ್ಜರ್ 2012ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಇಂಥ ಬದಲಾವಣೆಯನ್ನೇ ಬೋಧಿಸುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಕ್ರೈಸ್ತ ಸಂಘಟನೆ ಮರುವರ್ಷ ತಾನೇ ಬಾಗಿಲು ಮುಚ್ಚಿತು. ನಿಮ್ಮ ಕಥೆ ಇಂದು ನಡೆಯುವುದಾದರೆ ಕರೆಂಟಿನ ಕುರ್ಚಿ ನೋಡುಗರಿಗೆ ಒಂದು ಸಮಾಧಾನವನ್ನು ಒದಗಿಸುತ್ತದೆ: 'ಪಾಪ, ಆ ಕಾಲ ಹಾಗಿತ್ತು' ಎಂದು ಎದ್ದುಹೋಗುತ್ತಾರೆ.

ನನ್ನ ಮೇಲೆ ಯಾರೂ ಕೈ ಮಾಡಲಿಲ್ಲ. ಬಂದ ದಿನ ಚಪ್ಪಲಿಗಳನ್ನು ಬಿಡಿಸಿ ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬಾಗಿಲು ಮಾತ್ರ ಸದಾ ತೆರೆದೇ ಇರುತ್ತಿತ್ತು. ಪ್ರತಿ ಬೆಳಿಗ್ಗೆ ರಾತ್ರಿಯ ಕನಸನ್ನು ಒಂದು ಗೆರೆಪುಸ್ತಕದಲ್ಲಿ ಬರೆದು ಕೊಡಬೇಕಿತ್ತು. ಅಲ್ಲಿದ್ದ ಹಿರಿಯರು ಅದನ್ನು ಓದಿ, ಕೆಂಪು ಶಾಯಿಯಲ್ಲಿ, ಕನ್ನಡ ಮೇಷ್ಟ್ರು ಕಾಗುಣಿತ ತಿದ್ದುವಂತೆ, ಕೆಲವು ಪದಗಳ ಕೆಳಗೆ ಗೆರೆ ಎಳೆಯುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ನಾನು ಸುಳ್ಳು ಕನಸುಗಳನ್ನು ಬರೆಯಲು ಕಲಿತೆ. ಐದನೆಯ ವಾರದಲ್ಲಿ ಬರೆದದ್ದು ಯಾವುದು, ಕಂಡದ್ದು ಯಾವುದು ಎಂಬುದು ನನಗೇ ತಿಳಿಯದಂತಾಯಿತು. ಅವರು ನನ್ನನ್ನು 'ಮಗಾ' ಎಂದೇ ಕರೆಯುತ್ತಿದ್ದರು. ಸೇರುವಾಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನೂ ನಾನೇ, ಯಾರೂ ಕೈ ಹಿಡಿದು ಹಾಕಿಸಿದ್ದಲ್ಲ.

ನಾಯಕಿ ಅಳುವುದನ್ನು ಹತ್ತಿರದಿಂದ ತೋರಿಸುವ ಆಸೆಯನ್ನು ದಯವಿಟ್ಟು ಬಿಡಿ. ಆ ಪುಸ್ತಕವನ್ನು ಹತ್ತಿರದಿಂದ ತೋರಿಸಿ.

ಮೂರನೆಯ ಉತ್ತರ

ಮೇಲಿನವರ ಅನುಭವದ ಮುಂದೆ ತಂತ್ರದ ಮಾತು ಸಣ್ಣದೆನಿಸುತ್ತದೆ, ಆದರೂ ಮೊದಲ ಉತ್ತರದೊಂದಿಗೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದೆವ್ವವನ್ನು ಕಿತ್ತುಹಾಕಿದರೆ ಉಳಿಯುವುದು ಒಂದು ಗಂಭೀರ ಸಾಮಾಜಿಕ ಚಿತ್ರ. ಅದನ್ನು ಈಗಾಗಲೇ ಒಪ್ಪಿರುವವರು ಬಂದು ನೋಡಿ, ಒಪ್ಪಿ ಹೋಗುತ್ತಾರೆ. ಹಾರರ್ ಎಂದು ನಂಬಿ ಬರುವವನು ಯಾವ ಅಭಿಪ್ರಾಯವೂ ಇಲ್ಲದೆ ಬರುತ್ತಾನೆ. ಜೊತೆಗೆ ಈ ಪ್ರಕಾರ ಕ್ವಿಯರ್ (ಲಿಂಗ, ಲೈಂಗಿಕತೆಯ ಅಲ್ಪಸಂಖ್ಯಾತ) ಜನರಿಗೆ ಪರಕೀಯವೂ ಅಲ್ಲ. 1931ರ 'ಫ್ರಾಂಕೆನ್‌ಸ್ಟೈನ್' ಚಿತ್ರದ ನಿರ್ದೇಶಕ ಜೇಮ್ಸ್ ವೇಲ್ ತಾವು ಸಲಿಂಗಿ ಎಂಬುದನ್ನು ಮುಚ್ಚಿಡದೆ ಬದುಕಿದವರು, ಮತ್ತು ಆ ಚಿತ್ರದಲ್ಲಿ ನಮ್ಮ ಕನಿಕರ ಹರಿಯುವುದು ಎಲ್ಲರೂ ಬೆನ್ನಟ್ಟುವ ಆ ದೈತ್ಯನ ಕಡೆಗೇ.

ನನ್ನ ಸಲಹೆ, ದೆವ್ವ ಇರಲಿ, ಮೈಮೇಲೆ ಬರುವುದು ಬೇಡ. ಆ ಮನೆಯಲ್ಲಿ ಹಿಂದೆ ಇದ್ದು ಹೊರಗೆ ಹೋಗದ ಒಬ್ಬಳು ಅದಾಗಿರಲಿ. ಅವಳು ಯಾರನ್ನೂ ಕೊಲ್ಲುವುದಿಲ್ಲ, ಹೆದರಿಸುವುದೂ ಇಲ್ಲ. ನಾಯಕಿಗೆ ಮಾತ್ರ ಕೇಳಿಸುತ್ತಾಳೆ. ಕೇಳಿಸುತ್ತಾಳೆ ಎಂದೆ, ಕಾಣಿಸುತ್ತಾಳೆ ಎನ್ನಲಿಲ್ಲ. ಐದು ಮಂದಿಯ ತಂಡಕ್ಕೆ ಮೇಕಪ್ಪು, ಗ್ರಾಫಿಕ್ಸ್ ಎಂದು ಓಡಾಡುವುದಕ್ಕಿಂತ ಒಂದು ಒಳ್ಳೆಯ ಮೈಕು, ನಿಶ್ಶಬ್ದವಾದ ಕೋಣೆ, ಸೌಂಡ್ ಮಿಕ್ಸಿಂಗಿಗೆ ಹೆಚ್ಚುವರಿ ಒಂದು ವಾರ ಲಾಭದಾಯಕ.

ಇನ್ನೊಂದು ವಿಷಯವಿದೆ. ಕಟ್ಟಡದ ಹೊರಗೆ 'ಪರಿವರ್ತನಾ ಕೇಂದ್ರ' ಎಂಬ ಫಲಕ ತೂಗುಹಾಕಬೇಡಿ. ಮಾಲ್ಟಾ 2016ರಲ್ಲಿ, ಕೆನಡಾ 2022ರ ಜನವರಿಯಿಂದ ಈ 'ಚಿಕಿತ್ಸೆ'ಯನ್ನು ನಿಷೇಧಿಸಿವೆ. ಜರ್ಮನಿ 2020ರಲ್ಲಿ ಮುಖ್ಯವಾಗಿ ಅಪ್ರಾಪ್ತರಿಗೆ ಸಂಬಂಧಿಸಿದಂತೆ ಕಾನೂನು ಮಾಡಿತು. ಇಂದು ಈ ಕೆಲಸ ಮಾಡುವವರು ಆ ಹೆಸರಿನಲ್ಲಿ ಮಾಡುವುದು ಕಡಿಮೆ. ಆಪ್ತಸಲಹೆ, ಆತ್ಮಶೋಧನೆ, ಕುಟುಂಬ ಕ್ಷೇಮ ಎಂದು ಏನಾದರೂ ಇರಲಿ, ಓದಿದವರಿಗೆ ತಾವೂ ಒಮ್ಮೆ ಹೋಗಿಬರೋಣ ಎನ್ನಿಸುವಂತಿರಲಿ. ಚಿತ್ರೀಕರಣದ ದಿನಗಳಲ್ಲಿ, ಸ್ವತಃ ಇಂಥದನ್ನು ಅನುಭವಿಸಿದವರು ತಂಡದಲ್ಲಿದ್ದರೆ, ಕಾರಣ ಹೇಳದೆ ದೃಶ್ಯವನ್ನು ನಿಲ್ಲಿಸುವ ಅಧಿಕಾರ ಅವರಿಗಿರಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಕೂತು ಕೊನೆಯ ಎಂಟು ಪುಟಗಳನ್ನು ಹೊಡೆದುಹಾಕಿದೆವು. ಮುಖ್ಯಸ್ಥ ಈಗ ಸಾಯುವುದಿಲ್ಲ, ಧ್ವನಿಯನ್ನೂ ಎತ್ತರಿಸುವುದಿಲ್ಲ. ಎರಡನೆಯ ಉತ್ತರ ಬರೆದವರಿಗೆ ಪ್ರತ್ಯೇಕವಾಗಿ ಸಂದೇಶ ಕಳಿಸಿದ್ದೇನೆ, ಅವರ ಅನುಮತಿಯಿಲ್ಲದೆ ಕನಸಿನ ಪುಸ್ತಕವನ್ನು ಬಳಸುವುದಿಲ್ಲ. ಅವರು ಒಪ್ಪಿದರೆ ಚಿತ್ರದ ಕೊನೆಯ ಶಾಟ್ ಇದು: ನಾಯಕಿ ಹಳೆಯ ಪುಸ್ತಕವೊಂದನ್ನು ತೆರೆದಾಗ ಬೇರೆ ಯಾರದೋ ಅಕ್ಷರದಲ್ಲಿ, ತಾನು ಹಿಂದಿನ ರಾತ್ರಿ ಕಂಡ ಕನಸೇ ಬರೆದಿರುತ್ತದೆ, ಅದರ ಕೆಳಗೆ ಎಲ್ಲಿಯೂ ಕೆಂಪು ಗೆರೆ ಇರುವುದಿಲ್ಲ.